ಪೂರ್ವಪಕ್ಷದ ಸ್ಥಾನ: ವಿದ್ವತ್‌ಸ್ವಾತಂತ್ರ್ಯವನ್ನು ಕುರಿತು

ಭಟ್ಕಳ ತಾಲೂಕಿನ ಹಾಡುವಳ್ಳಿ ಇಂದು ಒಂದು ಸಣ್ಣ ಗ್ರಾಮ. ಶಾಸನಗಳಲ್ಲಿ ಸಂಗೀತಪುರವೆಂದು ಹೆಸರಾಂತ ಈ ಊರು ಒಂದು ಕಾಲಕ್ಕೆ ಸಾಳುವ ಅರಸರ ನೆಲೆಯಾಗಿತ್ತು. ಜೈನವಿದ್ಯೆಯ ಕೇಂದ್ರವೂ ಆಗಿತ್ತು. ಇಲ್ಲಿಯ ಮಠದ ಗುರುಪರಂಪರೆಗೆ ಸೇರಿದ ಭಟ್ಟಾಕಳಂಕದೇವನು 1604ರಲ್ಲಿ ‘ಕರ್ಣಾಟಕ ಶಬ್ದಾನುಶಾಸನ’ವೆಂಬ ಕನ್ನಡ ವ್ಯಾಕರಣವನ್ನು 592 ಸಂಸ್ಕೃತ ಸೂತ್ರಗಳಲ್ಲಿ ರಚಿಸಿ, ಅದಕ್ಕೆ ತಾನೇ ವೃತ್ತಿಯನ್ನೂ ವ್ಯಾಖ್ಯಾನವನ್ನೂ ಬರೆದನು. ನಮ್ಮ ತರಗತಿಗಳಲ್ಲಿ ಕೇಶಿರಾಜನನ್ನು ಮುಗಿಸುವಷ್ಟರಲ್ಲಿ ವರ್ಷವೂ ಮುಗಿದುಹೋಗುವುದರಿಂದ ಭಟ್ಟಾಕಳಂಕನ ಪಾಲಿಗೆ ಉಳಿಯುವುದು ಒಂದು ಕಿರುಟಿಪ್ಪಣಿ ಮಾತ್ರ. ಆದರೆ ಈ ಗ್ರಂಥದ ವ್ಯಾಖ್ಯಾನದಲ್ಲಿ ಬರುವ ಒಂದು ಚರ್ಚೆ ವ್ಯಾಕರಣಾಭ್ಯಾಸಿಗಳಿಗೆ ಮಾತ್ರವಲ್ಲದೆ ಅಧ್ಯಾಪಕವೃತ್ತಿಯಲ್ಲಿರುವವರೆಲ್ಲರಿಗೂ ಮನನೀಯವಾದುದು.

ಕನ್ನಡಕ್ಕೆ ಶಾಸ್ತ್ರವೇಕೆ ಎಂಬ ಆಕ್ಷೇಪವನ್ನು ಭಟ್ಟಾಕಳಂಕನು ತಾನೇ ಎತ್ತುತ್ತಾನೆ. ಕನ್ನಡವು ಬರಿಯ ದೇಶಭಾಷೆ, ಅದರಲ್ಲಿ ಶಾಸ್ತ್ರಕಾರ್ಯವು ನಡೆಯದು, ಆದುದರಿಂದ ಅದರ ಶಬ್ದಗಳನ್ನು ಅನುಶಾಸನ ಮಾಡುವ ಶ್ರಮ ವ್ಯರ್ಥವೆಂಬುದು ಪೂರ್ವಪಕ್ಷ. ಇದಕ್ಕೆ ಉತ್ತರವಾಗಿ ಅವನು ಕನ್ನಡದಲ್ಲಿ ಹುಟ್ಟಿದ ನಾನಾ ಶಾಸ್ತ್ರಗ್ರಂಥಗಳನ್ನೂ, ತೊಂಬತ್ತಾರು ಸಾವಿರ ಗ್ರಂಥಪ್ರಮಾಣದ ‘ಚೂಡಾಮಣಿ’ ಎಂಬ ಮಹಾವ್ಯಾಖ್ಯಾನವನ್ನೂ ಸಾಕ್ಷಿಗೆ ಕರೆಯುತ್ತಾನೆ. ‘ಚೂಡಾಮಣಿ’ ನಮಗೆ ದೊರೆತಿಲ್ಲವಾದ ಕಾರಣ ಸಾಹಿತ್ಯಚರಿತ್ರಕಾರರ ಗಮನವೆಲ್ಲ ಆ ಲುಪ್ತಗ್ರಂಥದ ಮೇಲೆ ಹರಿದಿದೆ. ನಮಗೆ ಇಲ್ಲಿ ಮುಖ್ಯವೆನಿಸುವುದು ಆಕ್ಷೇಪಕ್ಕೆ ದೊರೆತ ಸ್ಥಾನ. ತನ್ನ ಇಡೀ ಪ್ರಯತ್ನವನ್ನೇ ನಿರರ್ಥಕವೆನ್ನುವವನ ಮಾತನ್ನು ಗ್ರಂಥಕಾರನು ತನ್ನ ಗ್ರಂಥದೊಳಗೆ, ತನ್ನ ಖರ್ಚಿನಲ್ಲಿ, ಅದರ ಪೂರ್ಣಬಲದೊಡನೆ ಹೇಳಿಸಿದ್ದಾನೆ. ಹಾಗೆ ಹೇಳಿಸದಿದ್ದರೆ ಅವನ ಉತ್ತರಕ್ಕೆ ಬೆಲೆಯೇ ಇರುತ್ತಿರಲಿಲ್ಲ. ಎದುರಾಳಿಯ ಮಾತಿಗೆ ಗ್ರಂಥದಲ್ಲಿ ಎಡೆಯಿಲ್ಲದೆ ಶಾಸ್ತ್ರವಿಲ್ಲವೆಂಬ ಈ ಪದ್ಧತಿಯೇ ವಿದ್ವತ್‌ಸ್ವಾತಂತ್ರ್ಯದ ನೆಲೆಗಟ್ಟು ಎಂಬುದು ನಮ್ಮ ಪ್ರಕೃತ ವಾದ.

ಇದನ್ನು ಹೇಳುವಾಗ ಪ್ರಾಚೀನರನ್ನು ಅತಿಯಾಗಿ ಹೊಗಳುವ ಅಪಾಯವಿದೆ. ಅದೇ ಕರಾವಳಿಯ ಗೇರುಸೊಪ್ಪೆಯ ಹೆಸರಿನೊಡನೆ ಬೆಸೆದುಕೊಂಡ ವಾದಿ ವಿದ್ಯಾನಂದನನ್ನು ನೆನೆಯಬಹುದು. ಅವನು ಹಲವು ರಾಜಾಸ್ಥಾನಗಳಲ್ಲಿ, ಸಂಗೀತಪುರದಲ್ಲಿಯೂ, ಪರವಾದಿಗಳನ್ನು ಗೆದ್ದನೆಂದು ಹುಂಚದ ಶಾಸನವು ಉದ್ದನೆಯ ಪಟ್ಟಿಯನ್ನೇ ಕೊಡುತ್ತದೆ. ಆದರೆ ಸೋತವರು ಏನು ಹೇಳಿದರೆಂಬುದು ಆ ಕಲ್ಲಿನ ಮೇಲಿಲ್ಲ. ಆಸ್ಥಾನದ ವಾದದಲ್ಲಿ ತೀರ್ಪುಗಾರನು ಅರಸು, ಫಲವು ಜಯಪತ್ರ. ಗ್ರಂಥದ ಪೂರ್ವಪಕ್ಷದಲ್ಲಿ ತೀರ್ಪುಗಾರನು ಓದುಗ. ಅವನು ನಾನೂರು ವರ್ಷಗಳ ಮೇಲೆ ಬಂದರೂ ಎರಡು ಪಕ್ಷಗಳನ್ನೂ ತೂಗಿ ನೋಡಬಲ್ಲನು. ಆ ವಿದ್ಯಾವಲಯಗಳು ಹುಟ್ಟಿನಿಂದಲೂ ಲಿಂಗದಿಂದಲೂ ಬಹುಜನರಿಗೆ ಮುಚ್ಚಿದ್ದವೆಂಬುದನ್ನೂ ಮರೆಯಲಾಗದು. ನಾವು ಹಾಡುವಳ್ಳಿಯಿಂದ ಪಡೆಯಬೇಕಾದುದು ಒಂದು ವಿಧಾನವನ್ನು, ಒಂದು ಸಮಾಜವನ್ನಲ್ಲ.

ವಾಕ್‌ಸ್ವಾತಂತ್ರ್ಯವೂ ವಿದ್ವತ್‌ಸ್ವಾತಂತ್ರ್ಯವೂ ಒಂದೇ ಎಂಬ ಭಾವನೆ ನಮ್ಮಲ್ಲಿ ಬಲವಾಗಿದೆ. ಸಂವಿಧಾನದ 19ನೆಯ ಅನುಚ್ಛೇದವು ನಾಗರಿಕನಿಗೆ ವಾಕ್‌ಸ್ವಾತಂತ್ರ್ಯವನ್ನು ಕೊಟ್ಟು, ಅದರ ಮೇಲೆ ಹಾಕಬಹುದಾದ ಮಿತಿಗಳನ್ನೂ ಎಣಿಸಿದೆ. ವಿದ್ವತ್‌ಸ್ವಾತಂತ್ರ್ಯವೆಂಬ ಮಾತು ಅಲ್ಲಿ ಪ್ರತ್ಯೇಕವಾಗಿ ಬಂದಿಲ್ಲ. ನಾಗರಿಕನು ಪ್ರಮಾಣವಿಲ್ಲದೆಯೂ ಅಭಿಪ್ರಾಯ ಹೇಳಬಹುದು. ಸಂತೆಯಲ್ಲಿ ನಿಂತು ಭೂಮಿ ಚಪ್ಪಟೆಯೆಂದರೂ ಅವನ ಹಕ್ಕಿಗೆ ಚ್ಯುತಿಯಿಲ್ಲ. ಭೂಗೋಳದ ಅಧ್ಯಾಪಕನಿಗೆ ತರಗತಿಯಲ್ಲಿ ಆ ಸ್ವಾತಂತ್ರ್ಯವಿಲ್ಲ. ಅವನ ಸ್ವಾತಂತ್ರ್ಯವು ಒಂದು ಕಡೆ ಇದಕ್ಕಿಂತ ಕಿರಿದು, ಇನ್ನೊಂದು ಕಡೆ ಇದಕ್ಕಿಂತ ಆಳವಾದುದು. ಪ್ರಮಾಣವು ಕರೆದೊಯ್ದ ಕಡೆಗೆ ಹೋಗುವ ಹಕ್ಕು ಅವನದು. ಪ್ರಮಾಣದಿಂದಲೇ ತಿದ್ದಿಸಿಕೊಳ್ಳುವ ಹೊಣೆಯೂ ಅವನದೇ. 1948-49ರ ರಾಧಾಕೃಷ್ಣನ್ ಆಯೋಗವು ವಿವಾದಾಸ್ಪದ ವಿಷಯಗಳಲ್ಲಿ ಅಧ್ಯಾಪಕರಿಗೆ ಉಳಿದ ಪ್ರಜೆಗಳಷ್ಟೇ ಮಾತಿನ ಸ್ವಾತಂತ್ರ್ಯವಿರಬೇಕೆಂದಿತು. 1964-66ರ ಕೊಠಾರಿ ಆಯೋಗವೂ ಈ ವಿಷಯವನ್ನು ವಿಚಾರಿಸಿತು. ವರದಿಗಳು ಗ್ರಂಥಾಲಯದ ಕಪಾಟಿನಲ್ಲಿವೆ.

ಈ ಭೇದವು ನಮ್ಮಲ್ಲಿ ಅತ್ಯಂತ ದಾರುಣವಾಗಿ ಸ್ಪಷ್ಟವಾದದ್ದು ಧಾರವಾಡದಲ್ಲಿ. ಕುಮಟೆ, ಹೊನ್ನಾವರ, ಭಟ್ಕಳಗಳ ಪದವಿ ಕಾಲೇಜುಗಳು ಕರ್ನಾಟಕ ವಿಶ್ವವಿದ್ಯಾಲಯದ ವ್ಯಾಪ್ತಿಯಲ್ಲಿ ಬೆಳೆದವು. ಅವುಗಳಲ್ಲಿ ಪಾಠ ಹೇಳಿದ ಎಷ್ಟೋ ಕನ್ನಡ ಅಧ್ಯಾಪಕರು ಘಟ್ಟ ಹತ್ತಿ ಧಾರವಾಡಕ್ಕೆ ಹೋಗಿ ಓದಿದವರು. ಆ ವಿಶ್ವವಿದ್ಯಾಲಯದಲ್ಲಿ ಕನ್ನಡ ಪ್ರಾಧ್ಯಾಪಕರಾಗಿದ್ದ ಡಾ. ಎಂ. ಎಂ. ಕಲಬುರ್ಗಿಯವರು ತಮ್ಮ ‘ಮಾರ್ಗ’ ಸಂಪುಟದ ಲೇಖನಗಳಲ್ಲಿ ಚೆನ್ನಬಸವಣ್ಣನ ಜನನ, ನೀಲಾಂಬಿಕೆಯ ವಚನಗಳು ಮೊದಲಾದ ವಿಷಯಗಳನ್ನು ಕುರಿತು ಕೆಲವು ಊಹೆಗಳನ್ನು ಮಂಡಿಸಿದ್ದರು. 1989ರಲ್ಲಿ ಅವುಗಳ ವಿರುದ್ಧ ಉಗ್ರವಾದ ಆಕ್ಷೇಪವೆದ್ದಿತು, ಬೆದರಿಕೆಗಳು ಬಂದವು, ಅವರು ಆ ಭಾಗಗಳನ್ನು ಹಿಂತೆಗೆದುಕೊಂಡರು. ಕುಟುಂಬದ ಪ್ರಾಣರಕ್ಷಣೆಗಾಗಿ ಹಾಗೆ ಮಾಡಿದುದಾಗಿಯೂ, ಆ ದಿನ ಬೌದ್ಧಿಕವಾಗಿ ತಾವು ಆತ್ಮಹತ್ಯೆ ಮಾಡಿಕೊಂಡಂತಾಯಿತೆಂದೂ ಅವರು ಹೇಳಿದ್ದು ಎಲ್ಲರಿಗೂ ತಿಳಿದಿದೆ. ಆ ಬಳಿಕವೂ ಅವರ ಸಂಶೋಧನೆ ನಿಲ್ಲಲಿಲ್ಲ. ಹಂಪಿಯ ಕನ್ನಡ ವಿಶ್ವವಿದ್ಯಾಲಯದ ಕುಲಪತಿಗಳಾದರು. ‘ಮಾರ್ಗ’ದ ನಾಲ್ಕನೆಯ ಸಂಪುಟಕ್ಕೆ 2006ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದಿತು. 2015ರ ಆಗಸ್ಟ್ 30ರಂದು ಧಾರವಾಡದ ಅವರ ಮನೆಯ ಬಾಗಿಲಲ್ಲಿಯೇ ಅವರನ್ನು ಗುಂಡಿಕ್ಕಿ ಕೊಂದರು. ಆಗ ಅವರಿಗೆ 76 ವರ್ಷ.

ಈ ಪ್ರಕರಣವನ್ನು ಒಬ್ಬ ವ್ಯಕ್ತಿಯ ದುರಂತವೆಂದು ಬರೆದವರು ಬಹಳ ಮಂದಿ, ಬರೆಯಬೇಕಾದುದೂ ನ್ಯಾಯವೇ. ಆದರೆ 1989ರಲ್ಲಿ ಸಂಶೋಧನಶಾಸ್ತ್ರಕ್ಕೆ ಆದ ನಷ್ಟವೇನು ಎಂಬ ಪ್ರಶ್ನೆ ಅಷ್ಟಾಗಿ ಚರ್ಚೆಗೆ ಬಂದಿಲ್ಲ. ಆ ಊಹೆಗಳ ಬಗೆಗೆ ಶುದ್ಧ ಶಾಸ್ತ್ರೀಯ ಸಂದೇಹಗಳು ಸಾಧ್ಯವಿದ್ದವು, ಇಂದಿಗೂ ಸಾಧ್ಯವಿವೆ. ವಚನವೊಂದರ ರೂಪಕವನ್ನು ವಚನಕಾರರ ಜೀವನದ ಘಟನೆಯೆಂದು ಎಣಿಸಬಹುದೆ? ವಚನಗಳ ಹಸ್ತಪ್ರತಿಗಳು ಬಹುತೇಕ ಶರಣರ ಕಾಲಕ್ಕಿಂತ ಎಷ್ಟೋ ಈಚಿನವಾಗಿರುವಾಗ ಒಂದು ಪಾಠದ ಒಂದು ಪದದ ಮೇಲೆ ಎಷ್ಟು ಭಾರ ಹೊರಿಸಬಹುದು? ಪುರಾಣಗಳ ಮೌನವು ಪ್ರಮಾಣವೆ? ಅನುಭವಿಯ ಮಾತಿನಿಂದ ಚರಿತ್ರೆಯನ್ನು ಹಿಂಡಿ ತೆಗೆಯುವ ಕ್ರಮದಲ್ಲಿ ನಮಗಂತೂ ಪೂರ್ಣ ವಿಶ್ವಾಸವಿಲ್ಲ. ಈ ಪ್ರಶ್ನೆಗಳನ್ನು ಕೇಳಬಲ್ಲ ವಿದ್ವಾಂಸರು ಆಗ ಧಾರವಾಡದಲ್ಲಿಯೇ ಇದ್ದರು, ಬೇರೆಡೆಯೂ ಇದ್ದರು. ಹಿಂತೆಗೆತವಾದ ಕ್ಷಣದಿಂದ ಅವರ ಬಾಯಿಯೂ ಕಟ್ಟಿತು. ಬೆದರಿಕೆಗೆ ಮಣಿದು ಹಿಂತೆಗೆದ ಊಹೆಯನ್ನು ಪ್ರಮಾಣಪೂರ್ವಕವಾಗಿ ಖಂಡಿಸುವವನು ಬೆದರಿಸಿದವರ ಪಕ್ಷದವನಂತೆ ಕಾಣುತ್ತಾನೆ. ಸಮರ್ಥಿಸುವವನು ತಾನೂ ಅಪಾಯಕ್ಕೆ ಗುರಿಯಾಗುತ್ತಾನೆ. ಹೀಗಾಗಿ ಆ ಊಹೆಗಳು ಸರಿಯೆಂದೂ ನಿರ್ಣಯವಾಗಲಿಲ್ಲ, ತಪ್ಪೆಂದೂ ನಿರ್ಣಯವಾಗಲಿಲ್ಲ. ಕಲಬುರ್ಗಿಯವರ ಸ್ವಾತಂತ್ರ್ಯವನ್ನು ಕಸಿದವರು ಅವರ ಪ್ರಾಮಾಣಿಕ ವಿಮರ್ಶಕರ ಸ್ವಾತಂತ್ರ್ಯವನ್ನೂ ಕಸಿದರು. ಗ್ರಂಥದಿಂದ ಕಿತ್ತುಹೋದುದು ಸಿದ್ಧಾಂತವಷ್ಟೇ ಅಲ್ಲ, ಮುಂದೆ ಹುಟ್ಟಬಹುದಾಗಿದ್ದ ಪೂರ್ವಪಕ್ಷವೂ ಹೌದು.

ಯುರೋಪಿನ ಒಂದು ಪ್ರಸಂಗವು ಇಲ್ಲಿ ನೆನಪಾಗುತ್ತದೆ. ಧರ್ಮವನ್ನು ಕುರಿತು ಬರೆದುದಕ್ಕಾಗಿ ಪ್ರಷ್ಯದ ಅರಸು ಎರಡನೆಯ ಫ್ರೆಡರಿಕ್ ವಿಲಿಯಮನು 1794ರಲ್ಲಿ ತತ್ತ್ವಜ್ಞಾನಿ ಕಾಂಟನಿಗೆ ಎಚ್ಚರಿಕೆಯ ಆಜ್ಞೆಯನ್ನು ಕಳುಹಿಸಿದನು. ಕಾಂಟನು ದೊರೆಯ ನಿಷ್ಠ ಪ್ರಜೆಯಾಗಿ ಆ ವಿಷಯದಲ್ಲಿ ಮೌನವಾಗಿರುವೆನೆಂದು ಮಾತು ಕೊಟ್ಟನು. 1797ರಲ್ಲಿ ಆ ಅರಸು ತೀರಿಕೊಂಡನು. ವಚನವು ಆ ದೊರೆಯ ಆಯುಷ್ಯದೊಡನೆಯೇ ಮುಗಿಯಿತೆಂದು ಎಣಿಸಿ ಕಾಂಟನು ಮರುವರ್ಷವೇ ವಿಶ್ವವಿದ್ಯಾಲಯದ ವಿದ್ಯಾಶಾಖೆಗಳ ಕಲಹವನ್ನು ಕುರಿತ ಗ್ರಂಥವನ್ನು ಪ್ರಕಟಿಸಿ, ಆ ಪತ್ರಗಳನ್ನೂ ಅದರ ಪ್ರಸ್ತಾವನೆಯಲ್ಲಿ ಅಚ್ಚುಹಾಕಿದನು. ದೊರೆಗೆ ಕೊಟ್ಟ ಮಾತಿಗೆ ಅವಧಿಯುಂಟು. ನೆರೆಹೊರೆಗೆ, ಜನಾಂಗಕ್ಕೆ ಕೊಟ್ಟ ಮಾತಿಗೆ ಅವಧಿಯಿಲ್ಲ. ಅದು ಸಾಯುವ ದೊರೆಯಲ್ಲ. ಪಾಶ್ಚಾತ್ಯರ ವಿದ್ವತ್‌ಸ್ವಾತಂತ್ರ್ಯದ ಚರ್ಚೆಯನ್ನು ಹಾಗೆಯೇ ತಂದು ನಮ್ಮಲ್ಲಿ ನೆಡುವವರು ಈ ಅಂತರವನ್ನು ಗಮನಿಸುವುದು ಒಳ್ಳೆಯದು.

ಗ್ರಂಥವು ಪಠ್ಯವಾದಾಗ ಸಮಸ್ಯೆಯ ಸ್ವರೂಪವೇ ಬದಲಾಗುತ್ತದೆ. ಎಚ್. ಎಸ್. ಶಿವಪ್ರಕಾಶರ ‘ಮಹಾಚೈತ್ರ’ ನಾಟಕವು 1986ರಲ್ಲಿ ರಂಗವನ್ನೇರಿತು. ಅದರ ವಿರುದ್ಧ ದೊಡ್ಡ ಕೋಲಾಹಲವೆದ್ದದ್ದು ಹಲವು ವರ್ಷಗಳ ಮೇಲೆ, ಅದು ಪದವಿ ತರಗತಿಗಳ ಪಠ್ಯವಾದಾಗ. ನಾಟಕದ ಒಂದು ಅಕ್ಷರವೂ ಈ ನಡುವೆ ಬದಲಾಗಿರಲಿಲ್ಲ. ರಂಗದ ಮೇಲೆ ಅದು ಒಬ್ಬ ಕವಿಯ ದರ್ಶನವಾಗಿತ್ತು; ಪಠ್ಯಪಟ್ಟಿಯಲ್ಲಿ ಅದು ವಿಶ್ವವಿದ್ಯಾಲಯವು ಮುದ್ರೆಯೊತ್ತಿದ ಸತ್ಯವೆಂಬಂತೆ ಕಂಡಿತು. ಆಕ್ಷೇಪಿಸಿದವರನ್ನು ಅಸಹಿಷ್ಣುಗಳೆಂದು ಕರೆದು ಸುಮ್ಮನಾಗುವುದು ಸುಲಭ. ಪಠ್ಯವೆಂದರೆ ಒಪ್ಪಿಕೊಳ್ಳಬೇಕಾದ ಮಾತು ಎಂಬ ಅವರ ಭಾವನೆ ಎಲ್ಲಿಂದ ಬಂತೆಂದು ಕೇಳಿದರೆ, ಉತ್ತರವು ನಮ್ಮ ತರಗತಿಗಳ ಕಡೆಗೇ ಬೆರಳು ಮಾಡುತ್ತದೆ. ಅವರೂ ನಮ್ಮ ಶಾಲೆಗಳಲ್ಲಿ ಓದಿದವರೇ ಅಲ್ಲವೆ? ಇನ್ನು, ಸ್ವತಃ ಕನ್ನಡ ಅಧ್ಯಾಪಕರಾಗಿದ್ದ ಪಿ. ವಿ. ನಾರಾಯಣರ ‘ಧರ್ಮಕಾರಣ’ ಕಾದಂಬರಿಯನ್ನು ಸರ್ಕಾರವು ಮುಟ್ಟುಗೋಲು ಹಾಕಿಕೊಂಡುದನ್ನು 2007ರಲ್ಲಿ ಸರ್ವೋಚ್ಚ ನ್ಯಾಯಾಲಯವು ಎತ್ತಿಹಿಡಿಯಿತು. ಅಲ್ಲಿ ಕಾನೂನಿನ ಕೊನೆಯ ಮಾತು ಆಗಿಹೋಗಿದೆ. ವಿಮರ್ಶೆಯ ಮಾತು ಆಗಬೇಕಾದರೆ ಕೃತಿಯು ಕೈಗೆ ಸಿಗಬೇಕಾಗುತ್ತದೆ.

2022ರ ಪ್ರಸಂಗವು ಇದಕ್ಕಿಂತ ವಿಲಕ್ಷಣವಾದುದು. ಶಾಲಾ ಪಠ್ಯಪುಸ್ತಕಗಳ ಪರಿಷ್ಕರಣೆಯನ್ನು ವಿರೋಧಿಸಿ ದೇವನೂರ ಮಹಾದೇವರು ಹತ್ತನೆಯ ತರಗತಿಯ ಕನ್ನಡ ಪಠ್ಯದಲ್ಲಿ ತಮ್ಮ ‘ಎದೆಗೆ ಬಿದ್ದ ಅಕ್ಷರ’ವನ್ನು ಸೇರಿಸಲು ಕೊಟ್ಟಿದ್ದ ಒಪ್ಪಿಗೆಯನ್ನು ಹಿಂತೆಗೆದುಕೊಂಡರು, ಇನ್ನೂ ಕೆಲವು ಲೇಖಕರು ಅದೇ ದಾರಿಯನ್ನು ಹಿಡಿದರು. ಇಲ್ಲಿ ಬರಹಗಾರನು ತನ್ನ ಮಾತನ್ನು ಹಿಂದೆ ಪಡೆಯುವುದರ ಮೂಲಕವೇ ಮಾತಾಡಿದನು. ಬರಹಗಾರನ ಆ ಹಕ್ಕನ್ನು ನಾವು ಗೌರವಿಸುತ್ತೇವೆ. ಆದರೂ ಒಂದು ಮಾತು. ಪಠ್ಯದಲ್ಲಿ ಯಾರಿರಬೇಕು, ಯಾರಿರಬಾರದು ಎಂಬ ಆ ದೊಡ್ಡ ವಾಗ್ವಾದದಲ್ಲಿಯೂ, 2023ರಲ್ಲಿ ಸರ್ಕಾರ ಬದಲಾಗಿ ಪಾಠಗಳು ಮತ್ತೊಮ್ಮೆ ಬದಲಾದಾಗಲೂ, ಪಾಠವನ್ನು ಹಿಡಿದು ಮಕ್ಕಳ ಮುಂದೆ ನಿಲ್ಲುವ ಶಿಕ್ಷಕನು ಅದನ್ನು ಹೇಗೆ ಪ್ರಶ್ನಿಸಿಕೊಂಡು ಹೇಳಬಲ್ಲನೆಂಬ ವಿಚಾರ ಎಲ್ಲಿಯೋ ಅಂಚಿನಲ್ಲಿ ಉಳಿಯಿತು. ಪಾಠವನ್ನು ಪೂಜೆಯ ವಸ್ತುವೆಂದು ಎರಡೂ ಕಡೆಯವರು ಒಪ್ಪಿಕೊಂಡಂತಿತ್ತು. ಜಗಳವಿದ್ದುದು ಯಾವ ದೇವರೆಂಬುದರ ಬಗೆಗೆ.

ಕರಾವಳಿಯ ಈ ಮೂರು ತಾಲೂಕುಗಳಿಗೆ ಬರೋಣ. ಇಲ್ಲಿಯ ವಿದ್ಯಾಸಂಸ್ಥೆಗಳಲ್ಲಿ ಹೆಚ್ಚಿನವು ಊರವರ ಶ್ರಮದಿಂದಲೇ ಎದ್ದವು. ಭಟ್ಕಳದಲ್ಲಿ 1919ರಲ್ಲಿ ಅಂಜುಮನ್ ಸಂಸ್ಥೆ ಹುಟ್ಟಿತು. ಕುಮಟೆಯಲ್ಲಿ ಕೆನರಾ ಕಾಲೇಜು ಸೊಸೈಟಿಯ ಕಾಲೇಜು ಶಸ್ತ್ರವೈದ್ಯ ಡಾ. ಎ. ವಿ. ಬಾಳಿಗಾ ಅವರ ಹೆಸರನ್ನು ಹೊತ್ತಿದೆ. ಹೊನ್ನಾವರದ ಎಸ್. ಡಿ. ಎಂ. ಕಾಲೇಜನ್ನು ಮಲ್ನಾಡ್ ಪ್ರೊಗ್ರೆಸಿವ್ ಎಜುಕೇಶನ್ ಸೊಸೈಟಿ ನಡೆಸುತ್ತ ಬಂದಿದೆ. ರೈತರ ಪರವಾಗಿ ಹೋರಾಡಿದುದಕ್ಕಾಗಿ ಆಂಗ್ಲ ಸರ್ಕಾರದಿಂದ 1940ರಲ್ಲಿ ಜಿಲ್ಲೆಯಿಂದಲೇ ಗಡೀಪಾರಾದ ದಿನಕರ ದೇಸಾಯಿಯವರು 1953ರಲ್ಲಿ ಕೆನರಾ ವೆಲ್‌ಫೇರ್ ಟ್ರಸ್ಟನ್ನು ಕಟ್ಟಿ ಜಿಲ್ಲೆಯ ಉದ್ದಗಲಕ್ಕೆ ಹೈಸ್ಕೂಲುಗಳನ್ನು ತೆರೆದರು. ಸರ್ಕಾರವು ಬಾರದ ಕಡೆಗೆ ಊರೇ ಶಾಲೆಯನ್ನು ಕಟ್ಟಿಕೊಂಡದ್ದು ಈ ಸೀಮೆಯ ಹೆಮ್ಮೆ. ಇದರಿಂದ ಅಧ್ಯಾಪಕನ ಸ್ಥಿತಿಗೆ ಒಂದು ವಿಶೇಷವೂ ಬಂದಿತು. ಎಲ್ಲಿಯ ಸಣ್ಣ ಊರಿನಲ್ಲಾದರೂ, ಶಾಲೆಗೆ ದೇಣಿಗೆ ಕೊಟ್ಟವರು, ಆಡಳಿತ ನಡೆಸುವವರು, ವಿದ್ಯಾರ್ಥಿಯ ಹೆತ್ತವರು, ಮೀನುಪೇಟೆಯಲ್ಲಿ ಸಂಜೆ ಎದುರಾಗುವವರು ಎಲ್ಲ ಒಂದೇ ನೂರು ಮನೆಗಳವರು. ಅಧ್ಯಾಪಕನ ನಾಲಿಗೆಯನ್ನು ಇಲ್ಲಿ ಹಿಡಿಯುವುದು ಸುತ್ತೋಲೆಗಿಂತ ದಾಕ್ಷಿಣ್ಯ. ಆತನಿಗೆ ಯಾರೂ ಏನನ್ನೂ ನಿಷೇಧಿಸಿರುವುದಿಲ್ಲ. ಆತನೇ ಒಂದು ವಚನವನ್ನು, ಒಂದು ಪ್ರಹಸನವನ್ನು, ಒಂದು ಚರಿತ್ರೆಯ ಪುಟವನ್ನು ಮೆಲ್ಲಗೆ ದಾಟಿಹೋಗಿರುತ್ತಾನೆ.

ಇದಕ್ಕೆ ಅಪವಾದವಾಗಿ ನಿಂತವರಿಲ್ಲವೆಂದಲ್ಲ. ಕುಮಟೆ ತಾಲೂಕಿನ ಗೋಕರ್ಣದ ಗೌರೀಶ ಕಾಯ್ಕಿಣಿಯವರು ವೃತ್ತಿಯಿಂದ ಹೈಸ್ಕೂಲು ಮಾಸ್ತರರು, ವಿಚಾರದಲ್ಲಿ ಎಂ. ಎನ್. ರಾಯರ ಮಾನವತಾವಾದಕ್ಕೆ ಒಲಿದವರು. ಮಹಾಬಲೇಶ್ವರನ ಕ್ಷೇತ್ರದಲ್ಲಿಯೇ ಇದ್ದುಕೊಂಡು ಅವರು ಜಗತ್ತಿನ ಸಾಹಿತ್ಯ, ದರ್ಶನಗಳನ್ನು ಕನ್ನಡಕ್ಕೆ ಪರಿಚಯಿಸುತ್ತ ಸಾವಿರಾರು ಪುಟ ಬರೆದರು. ಅವರು ಬರೆದುದು ಪತ್ರಿಕೆಗಳಲ್ಲಿ, ಪುಸ್ತಕಗಳಲ್ಲಿ. ಬರಹವು ಒಂದು ಬಗೆಯ ರಕ್ಷೆ. ಅದನ್ನು ಓದಬೇಕಾದವನು ತಾನಾಗಿ ಓದುತ್ತಾನೆ, ಒಲ್ಲದವನು ಪುಟ ಮಗುಚುತ್ತಾನೆ. ಆ ರಕ್ಷೆಯೂ ಎಲ್ಲರಿಗೂ ದೊರೆಯದು: ‘ನರಬಲಿ’ ಕವನಕ್ಕಾಗಿ ಸೆರೆಮನೆ ಕಂಡ ಬೇಂದ್ರೆಯವರು 1932ರ ತರುವಾಯ ಶಿಕ್ಷಕವೃತ್ತಿಯನ್ನು ಕಳೆದುಕೊಂಡು ವರ್ಷಗಟ್ಟಲೆ ಅಲೆದರು.

ಇಷ್ಟು ಹೇಳಿದ ಮೇಲೆ ನಮ್ಮ ವಾದಕ್ಕೇ ಒಂದು ಪೂರ್ವಪಕ್ಷವನ್ನು ನಾವು ಹೇಳಿಕೊಳ್ಳಲೇಬೇಕು. ಓದುಗನಂತೆ ವಿದ್ಯಾರ್ಥಿಯು ಪುಟ ಮಗುಚಿ ಹೋಗಲಾರನು. ಹಾಜರಿಯ ಕಟ್ಟಿಗೆ ಒಳಪಟ್ಟು ಅವನು ಕುಳಿತೇ ಇರಬೇಕು. ಅಂಕ ಕೊಡುವವನು ಅಧ್ಯಾಪಕನೇ. ಹೀಗಿರುವಲ್ಲಿ ಅಧ್ಯಾಪಕನ ಸ್ವಾತಂತ್ರ್ಯವೆಂಬುದು ಬಾಯಿಲ್ಲದವರ ಮೇಲೆ ಬಾಯುಳ್ಳವನ ಅಧಿಕಾರವಾಗದೆ? ತನ್ನ ಮನೆಯ ನಂಬಿಕೆಯನ್ನು ಹಾಸ್ಯಮಾಡುವ ಮಾತನ್ನು ಹದಿನೆಂಟರ ಹುಡುಗಿಯೊಬ್ಬಳು ತಲೆ ತಗ್ಗಿಸಿ ಕೇಳಬೇಕೆ? ಈ ಆಕ್ಷೇಪವು ಬಲವಾದುದು; ಇದನ್ನು ತಳ್ಳಿಹಾಕುವವರು ತರಗತಿಯನ್ನು ನೋಡಿದವರಲ್ಲ. ಆದರೆ ಇದರಿಂದ ಅಧ್ಯಾಪಕನು ಸುಮ್ಮನಿರಬೇಕೆಂದು ಸಿದ್ಧವಾಗುವುದಿಲ್ಲ. ಸಿದ್ಧವಾಗುವುದು, ಆ ಹುಡುಗಿಗೂ ಬಾಯಿರಬೇಕೆಂಬುದು. ಜರ್ಮನಿಯ ವಿಶ್ವವಿದ್ಯಾಲಯಗಳು ಕಲಿಸುವವನ ಸ್ವಾತಂತ್ರ್ಯಕ್ಕೂ ಕಲಿಯುವವನ ಸ್ವಾತಂತ್ರ್ಯಕ್ಕೂ ಬೇರೆಬೇರೆ ಹೆಸರಿಟ್ಟು ಎರಡನ್ನೂ ಜೊತೆಗೆ ಹೇಳುತ್ತಿದ್ದವು. ನಾವು ಮೊದಲನೆಯದಕ್ಕಾಗಿ ನಿರ್ಣಯಗಳನ್ನು ಅಂಗೀಕರಿಸಿದ್ದೇವೆ. ಎರಡನೆಯದನ್ನು ಶಿಸ್ತಿನ ಪ್ರಶ್ನೆಯೆಂದು ಬಗೆದಿದ್ದೇವೆ.

ಒಂದು ಸ್ಥಳೀಯ ಕೃತಿಯಿಂದ ಇದನ್ನು ಪರೀಕ್ಷಿಸಬಹುದು. ಹೊನ್ನಾವರದ ಹತ್ತಿರದ ಕರ್ಕಿಯ ಸೂರಿ ವೆಂಕಟರಮಣ ಶಾಸ್ತ್ರಿಗಳು 1887ರಲ್ಲಿ ‘ಇಗ್ಗಪ್ಪ ಹೆಗಡೆಯ ವಿವಾಹ ಪ್ರಹಸನ’ವನ್ನು ಪ್ರಕಟಿಸಿದರು. ಹಣ ತೆತ್ತು ಎಳೆಯ ಹುಡುಗಿಯರನ್ನು ಮದುವೆಯಾಗುವ ಮುದುಕರನ್ನೂ, ಹಣಕ್ಕಾಗಿ ಮಗಳನ್ನು ಕೊಡುವ ತಂದೆಯರನ್ನೂ ಅದು ಹಿಡಿದು ಹಳಿಯುತ್ತದೆ. ಅದೂ ತಮ್ಮದೇ ಹವ್ಯಕ ಸಮಾಜವನ್ನು, ಆ ಮನೆಗಳ ಆಡುಮಾತಿನಲ್ಲಿಯೇ. ಆಧುನಿಕ ಕನ್ನಡದ ಮೊದಲ ಸಾಮಾಜಿಕ ನಾಟಕವೆಂದು ಅದನ್ನು ಇಂದು ನಿರಾತಂಕವಾಗಿ ಪಾಠ ಹೇಳಬಹುದು. ಕನ್ಯಾವಿಕ್ರಯವು ನಿಂತುಹೋಗಿದೆ, ಇಗ್ಗಪ್ಪ ಹೆಗಡೆಯ ಪರವಾಗಿ ಸಿಟ್ಟಾಗುವವರು ಉಳಿದಿಲ್ಲ. ಆದರೆ ಆ ಪ್ರಹಸನವನ್ನು ಬರೆಸಿದ ಪ್ರಶ್ನೆ, ಮನೆಯ ಹೆಣ್ಣುಮಗಳ ಮದುವೆಯನ್ನು ಯಾರು, ಯಾವ ಲೆಕ್ಕದಲ್ಲಿ ನಿರ್ಣಯಿಸುತ್ತಾರೆಂಬುದು, ಎದುರು ಬೆಂಚಿನಲ್ಲಿ ಕುಳಿತವರಲ್ಲಿ ಅರ್ಧ ಮಂದಿಯ ಪಾಲಿಗೆ ಜೀವಂತವಾಗಿದೆ. ಅಧ್ಯಾಪಕನು 1887ರಲ್ಲಿ ನಿಂತರೆ ಸುರಕ್ಷಿತ. ಅಲ್ಲಿಂದ ಒಂದು ಹೆಜ್ಜೆ ಈಚೆಗೆ ಬಂದರೆ ಪಾಠವು ನಿಜವಾಗಿ ಪ್ರಾರಂಭವಾಗುತ್ತದೆ. ದಾಕ್ಷಿಣ್ಯವೂ ಅಲ್ಲಿಯೇ ಪ್ರಾರಂಭವಾಗುತ್ತದೆ.

ಆ ಹೆಜ್ಜೆಯನ್ನು ತಡೆಯುವ ಇನ್ನೊಂದು ಶಕ್ತಿಯುಂಟು. ಅದು ನಮ್ಮ ಕೈಯಲ್ಲಿಯೇ ಇರುವುದು. ಸಂಯೋಜಿತ ಕಾಲೇಜಿನ ವಿದ್ಯಾರ್ಥಿಯು ಚರ್ಚೆ ಕಾವೇರುತ್ತಿದ್ದಂತೆ ಒಂದು ಪ್ರಶ್ನೆ ಕೇಳುತ್ತಾನೆ: ಇದು ಪರೀಕ್ಷೆಗೆ ಬರುತ್ತದೆಯೆ, ಸರ್? ಪ್ರಶ್ನಪತ್ರಿಕೆಯು ಘಟ್ಟದ ಮೇಲೆ ಸಿದ್ಧವಾಗುತ್ತದೆ. ಉತ್ತರಪತ್ರಿಕೆಯನ್ನು ಅಪರಿಚಿತನೊಬ್ಬನು ತಿದ್ದುತ್ತಾನೆ. ಪ್ರಶ್ನೆಗಳು ‘ವಿವರಿಸಿರಿ’, ‘ನಿರೂಪಿಸಿರಿ’, ‘ಟಿಪ್ಪಣಿ ಬರೆಯಿರಿ’ ಎಂಬ ಮೂರು ಆಜ್ಞೆಗಳಲ್ಲಿ ಮುಗಿಯುತ್ತವೆ. ಲೇಖಕನು ಹೇಳಿದುದನ್ನು ತಿರುಗಿ ಹೇಳಿದವನಿಗೆ ಅಂಕ. ಲೇಖಕನೊಡನೆ ವಾದಿಸಿದವನ ಗತಿ ದೈವಾಧೀನ. ಯಾವ ಮಠವೂ ಯಾವ ಸರ್ಕಾರವೂ ಬಲವಂತ ಮಾಡದೆ, ವಿಶ್ವವಿದ್ಯಾಲಯಗಳು ತಾವಾಗಿಯೇ ಪೂರ್ವಪಕ್ಷವನ್ನು ತರಗತಿಯಿಂದ ಹೊರಗಟ್ಟಿದ ಬಗೆ ಇದು. ಪಠ್ಯವೊಂದನ್ನು ಆಕ್ಷೇಪಣೆಯ ಮೇಲೆ ಹಿಂತೆಗೆಯಬೇಕಾಗಿ ಬಂದಾಗ ಅಧ್ಯಯನಮಂಡಲಿಯು ಆಕ್ಷೇಪವನ್ನೂ, ಅದಕ್ಕೆ ಪಠ್ಯದೊಳಗಿನಿಂದ ದೊರೆಯುವ ಸಮಾಧಾನವನ್ನೂ, ತನ್ನ ನಿರ್ಣಯದ ಕಾರಣವನ್ನೂ ಬರೆದು ಪ್ರಕಟಿಸಬೇಕೆಂದು ನಾವು ಕೇಳುತ್ತೇವೆ. ಅದಕ್ಕಿಂತ ಮೊದಲು, ಮುಂದಿನ ವರ್ಷದ ಪ್ರಶ್ನಪತ್ರಿಕೆಯಲ್ಲಿ ಒಂದೇ ಒಂದು ಪ್ರಶ್ನೆಯಾದರೂ ಬೇರೆ ಬಗೆಯದಾಗಿರಲಿ: ಪಠ್ಯದ ಒಂದು ಮುಖ್ಯ ವಾದವನ್ನು ಆರಿಸಿಕೊಂಡು, ಅದರ ವಿರುದ್ಧ ಹೇಳಬಹುದಾದ ಅತ್ಯಂತ ಬಲವಾದ ಮಾತನ್ನು ಬರೆದು, ನಿಮ್ಮ ನಿರ್ಣಯವನ್ನು ಕಾರಣಸಹಿತ ತಿಳಿಸಿರಿ ಎಂದು. ಹೊನ್ನಾವರದ ವಿದ್ಯಾರ್ಥಿಯೊಬ್ಬನು ಸೂರಿಯವರು ಇಗ್ಗಪ್ಪ ಹೆಗಡೆಗೆ ಅನ್ಯಾಯ ಮಾಡಿದ್ದಾರೆಂದು, ನಾಟಕದ ಮಾತುಗಳನ್ನೇ ಆಧರಿಸಿ, ನಾಲ್ಕು ಪುಟ ಬರೆದಾನು. ಅವನಿಗೆ ಎಷ್ಟು ಅಂಕ ಕೊಡಬೇಕೆಂಬುದನ್ನು ಮೌಲ್ಯಮಾಪಕರ ಸಭೆಯಲ್ಲಿ ಮುಂಚಿತವಾಗಿಯೇ ಚರ್ಚಿಸಿ ಗೊತ್ತುಮಾಡಿಕೊಂಡಿರಬೇಕು.